ಪ್ರಶ್ನೋತ್ತರ: ಸ್ಕ್ರೀನ್ ರೀಡರ್‌ಗೆ ಓದಲು ಬರುವ ಕನ್ನಡ

ಜಾಲತಾಣ, ಪಿಡಿಎಫ್, ವಿಡಿಯೊಗಳನ್ನು ಅಂಗವಿಕಲರಿಗೂ ಎಟುಕುವಂತೆ ಮಾಡುವುದು ಹೇಗೆಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬಹುಪಾಲು ಪತ್ರಗಳಲ್ಲಿರುವ ಮೂಲ ತೊಂದರೆ ಒಂದೇ: ನಮ್ಮ ಕಣ್ಣಿಗೆ ಅಕ್ಷರವಾಗಿ ಕಾಣುವುದು ಕಂಪ್ಯೂಟರಿನ ಪಾಲಿಗೆ ಅಕ್ಷರವಾಗಿರುವುದೇ ಇಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿದ್ದೇವೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ದೃಷ್ಟಿ ಇಲ್ಲದ ವಿದ್ಯಾರ್ಥಿನಿ ಒಬ್ಬಳಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಇಂಗ್ಲಿಷ್ ಪಾಠಗಳನ್ನು ಸಲೀಸಾಗಿ ಕೇಳುತ್ತಾಳೆ. ನಾನು ನುಡಿಯಲ್ಲಿ ಟೈಪ್ ಮಾಡಿದ ಸಮಾಜ ವಿಜ್ಞಾನದ ಟಿಪ್ಪಣಿ ಕೊಟ್ಟರೆ ಮಾತ್ರ ಏನೇನೋ ಒದರುತ್ತದೆ. ತಂತ್ರಾಂಶದ ದೋಷವೇ?
— ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ತಂತ್ರಾಂಶದ್ದಲ್ಲ, ಫಾಂಟಿನದು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಬರೆದಿಟ್ಟಿರುತ್ತಾರೆ. ನೀವು ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಕಡತದಲ್ಲಿ ಉಳಿಯುವುದು ಇದು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಎ. ಫಾಂಟ್ ಇದ್ದವರ ಕಣ್ಣಿಗೆ ಅದು ಕನ್ನಡ. ಸ್ಕ್ರೀನ್ ರೀಡರ್ ಕಣ್ಣಿನಿಂದ ಓದುವುದಿಲ್ಲ, ಕಡತದಲ್ಲಿರುವುದನ್ನು ಓದುತ್ತದೆ. ಆ ಹುಡುಗಿಗೆ ಕೇಳಿಸುತ್ತಿರುವುದು ಆ ಏಳು ಗುರುತುಗಳೇ.

ಪರಿಹಾರ ಯೂನಿಕೋಡ್. ಅದರಲ್ಲಿ 'ಕ' ಎಂಬುದಕ್ಕೆ ತನ್ನದೇ ಸಂಕೇತವಿದೆ, ಯಾವ ಫಾಂಟ್ ಹಾಕಿದರೂ ಅದು 'ಕ'ವೇ. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ: ನುಡಿ ಮತ್ತು ಬರಹ ಎರಡರ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ, ನಿಮಗೆ ರೂಢಿಯಾದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಅಲ್ಲೂ ನಡೆಯುತ್ತದೆ. ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವವರಿಗೆ ವಿಂಡೋಸ್‌ನೊಳಗೇ 'ಕನ್ನಡ ಫೊನೆಟಿಕ್' ಕೀಲಿಮಣೆ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಅದರ ಕೀಲಿಮಣೆಗಳಲ್ಲಿ ಇದನ್ನು ಆರಿಸಿಕೊಳ್ಳಿ.

ಈಗಾಗಲೇ ಇರುವ ಟಿಪ್ಪಣಿಗಳನ್ನು ಮತ್ತೆ ಟೈಪ್ ಮಾಡಬೇಡಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ, ಪಠ್ಯ ಅಂಟಿಸಿದರೆ ಯೂನಿಕೋಡ್ ಕೊಡುವ ಉಚಿತ ಜಾಲಪುಟಗಳೂ ಇವೆ. ಆದರೆ ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಲೇಬೇಕು. ಒಂದು, ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡದ ತುಣುಕೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ. ಎರಡು, ಅರ್ಕಾವೊತ್ತು ಇರುವ ಪದಗಳು: ಪೂರ್ವ, ಚರ್ಚೆ, ಮಾರ್ಗ. ಮೂರು, ಟೈಪ್ ಮಾಡುವಾಗಲೇ ಆದ ಕಣ್ಕಟ್ಟು. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನೂ, ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನೂ ಒತ್ತುವ ಅಭ್ಯಾಸ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬೇರೂರಿದೆ. 'ಬೆ೦ಗಳೂರು', 'ಸೂಯ೯' ಎಂದು ಹಾಗೆ ಬರೆದದ್ದು ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ, ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ ಅಂಕಿ ಬಂತೆಂದು ಎಡವುತ್ತದೆ, ಹುಡುಕಿದರೆ ಪದವೂ ಸಿಗುವುದಿಲ್ಲ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ ಕನ್ನಡದ ಸೊನ್ನೆಯನ್ನು ಹುಡುಕಿ, ಒಂದೊಂದನ್ನೂ ನೋಡಿ ಬದಲಿಸಿ. ಒಟ್ಟಿಗೆ ಎಲ್ಲವನ್ನೂ ಬದಲಿಸಿದರೆ ಕನ್ನಡ ಅಂಕಿಗಳಲ್ಲಿ ಬರೆದ ಇಸವಿಗಳು ಹಾಳಾಗುತ್ತವೆ.

ಅವಳ ಲ್ಯಾಪ್‌ಟಾಪಿನಲ್ಲೂ ಒಂದು ಕೆಲಸ ಇದೆ. ಎನ್‌ವಿಡಿಎ ಜತೆಗೇ ಬರುವ ಈ-ಸ್ಪೀಕ್ ಎನ್‌ಜಿ ಧ್ವನಿಗೆ ಕನ್ನಡ ಬರುತ್ತದೆ. ಎನ್‌ವಿಡಿಎ ಮೆನುವಿನ ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಸ್ಪೀಚ್ ಎಂಬಲ್ಲಿಗೆ ಹೋಗಿ ಧ್ವನಿಯನ್ನು ಕನ್ನಡಕ್ಕೆ ಬದಲಿಸಿ. ಧ್ವನಿ ಯಾಂತ್ರಿಕವಾಗಿದೆ, ಮೊದಮೊದಲು ಕಿವಿಗೆ ಒರಟೆನಿಸುತ್ತದೆ. ಆದರೆ ವೇಗ ಹೆಚ್ಚಿಸಿದರೂ ಉಚ್ಚಾರ ಕೆಡದು. ಹಾಗಾಗಿಯೇ ದಿನವಿಡೀ ಕೇಳುವ ಎಷ್ಟೋ ಮಂದಿ ಇಂಥ ಧ್ವನಿಯನ್ನೇ ಇಟ್ಟುಕೊಳ್ಳುತ್ತಾರೆ. ಬ್ರೈಲ್ ಡಿಸ್‌ಪ್ಲೇ ಇದ್ದರೆ ಯೂನಿಕೋಡ್ ಪಠ್ಯ ಅದರಲ್ಲಿ ಕನ್ನಡ ಬ್ರೈಲ್ ಆಗಿಯೂ ಮೂಡುತ್ತದೆ. ಹಳೆಯ ಫಾಂಟಿನದು ಅಲ್ಲಿಯೂ ಕಸವೇ.

ಪ್ರಶ್ನೆ: ನಮ್ಮ ಸಹಕಾರ ಸಂಘದ ವಾರ್ಷಿಕ ವರದಿಯನ್ನು ವರ್ಡ್‌ನಲ್ಲಿ ಯೂನಿಕೋಡ್‌ನಲ್ಲೇ ಸಿದ್ಧಪಡಿಸಿ ಪಿಡಿಎಫ್ ಮಾಡಿ ಹಾಕಿದೆವು. ಆದರೂ ಸದಸ್ಯರೊಬ್ಬರ ಫೋನು 'ಕಾರ್ಯದರ್ಶಿ' ಎಂಬುದನ್ನು 'ಕಾಯರ್ದಶಿರ್' ಎಂದು ಓದುತ್ತದಂತೆ. ಯೂನಿಕೋಡ್ ಆದರೂ ಹೀಗೇಕೆ?
— ಸಂಘದ ಗುಮಾಸ್ತ, ಶಿರಸಿ

ಉತ್ತರ: ಪಿಡಿಎಫ್ ಹುಟ್ಟಿದ್ದು ಪುಟ ಎಲ್ಲಿ ತೆರೆದರೂ, ಮುದ್ರಿಸಿದರೂ ಒಂದೇ ರೀತಿ ಕಾಣಲೆಂದು. ಅದು ಪಠ್ಯಕ್ಕಿಂತ ಹೆಚ್ಚಾಗಿ ಅಕ್ಷರದ ಆಕಾರ ಮತ್ತು ಅದು ಪುಟದಲ್ಲಿ ಕೂರುವ ಜಾಗವನ್ನು ನೆನಪಿಡುತ್ತದೆ. ಯೂನಿಕೋಡಿನಲ್ಲಿ 'ರ್ಯ' ಎಂಬುದರಲ್ಲಿ ಮೊದಲು ರ, ಆಮೇಲೆ ಯ. ಪುಟದ ಮೇಲೆ ನೋಡಿದರೆ ಮೊದಲು ಯ, ಅದರ ಬಲಕ್ಕೆ ಅರ್ಕಾವೊತ್ತು. ಪಿಡಿಎಫ್ ಪುಟದ ಕ್ರಮವನ್ನು ಹಿಡಿದುಕೊಂಡಿರುತ್ತದೆ, ಫೋನು ಅದೇ ಕ್ರಮದಲ್ಲಿ ಓದುತ್ತದೆ, 'ಕಾರ್ಯ' ಹೋಗಿ 'ಕಾಯರ್' ಆಗುತ್ತದೆ. ಇದನ್ನು ತಪ್ಪಿಸಲು ಆಕಾರದ ಜತೆಗೆ 'ಇದರ ಮೂಲ ಪಠ್ಯ ಇಂಥದ್ದು' ಎಂಬ ಅಡಗು ಟಿಪ್ಪಣಿಯನ್ನು ಪಿಡಿಎಫ್‌ನಲ್ಲಿ ಇಡಲು ಬರುತ್ತದೆ. ಪಿಡಿಎಫ್ ಮಾಡುವ ತಂತ್ರಾಂಶ ಅದನ್ನು ಸೇರಿಸಿದರೆ ಸರಿ, ಇಲ್ಲವಾದರೆ ಹೀಗಾಗುತ್ತದೆ.

ಮೊದಲು ನೋಡಬೇಕಾದ್ದು ನೀವು ಪಿಡಿಎಫ್ ಮಾಡಿದ ಬಗೆ. 'ಪ್ರಿಂಟ್' ಒತ್ತಿ ಪ್ರಿಂಟರಿನ ಜಾಗದಲ್ಲಿ ಪಿಡಿಎಫ್ ಆರಿಸಿದ್ದರೆ ಶೀರ್ಷಿಕೆ, ಪಟ್ಟಿ, ಕೋಷ್ಟಕ ಎಂಬ ರಚನೆಯೆಲ್ಲ ಅಲ್ಲಿಗೇ ಕಳೆದುಹೋಯಿತು. ಅದರ ಬದಲು 'ಸೇವ್ ಆ್ಯಸ್' ಒತ್ತಿ ಪಿಡಿಎಫ್ ಆರಿಸಿ, 'ಆಪ್ಶನ್ಸ್' ತೆರೆದು, 'ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆ್ಯಕ್ಸೆಸಿಬಿಲಿಟಿ' ಎಂಬುದಕ್ಕೆ ಗುರುತು ಹಾಕಿದೆಯೇ ನೋಡಿ. ಅದಕ್ಕೂ ಮೊದಲು ಮೂಲ ಕಡತದಲ್ಲಿ ಶೀರ್ಷಿಕೆಗಳನ್ನು ದಪ್ಪಕ್ಷರ ಮಾಡಿ ಬಿಡಬೇಡಿ. ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಮೊದಲ ಹಂತದ ಶೀರ್ಷಿಕೆ, 2 ಒತ್ತಿದರೆ ಉಪಶೀರ್ಷಿಕೆ. ದೃಷ್ಟಿ ಇಲ್ಲದ ಓದುಗರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿದು ತಮಗೆ ಬೇಕಾದ ಭಾಗ ಹಿಡಿಯುವುದು ಈ ಗುರುತಿನಿಂದಲೇ. ಅದಿಲ್ಲದಿದ್ದರೆ ಅಧ್ಯಕ್ಷರ ಭಾಷಣದಿಂದ ಹಿಡಿದು ಇಡೀ ವರದಿಯನ್ನು ಕೇಳಿದ ಮೇಲೆ ಡಿವಿಡೆಂಡ್ ಎಷ್ಟೆಂದು ತಿಳಿಯುತ್ತದೆ. ಇಡೀ ಪಠ್ಯವನ್ನು ಆಯ್ದುಕೊಂಡು 'ರಿವ್ಯೂ' ಅಡಿಯಲ್ಲಿ ಭಾಷೆಯನ್ನು ಕನ್ನಡವೆಂದು ಗೊತ್ತುಮಾಡಿ. ಕೋಷ್ಟಕಗಳಲ್ಲಿ ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಿ, ಎರಡು ಮೂರು ಮನೆಗಳನ್ನು ಒಂದಾಗಿ ಬೆಸೆಯಬೇಡಿ. ಬೆಸೆದ ಮನೆಗಳಿದ್ದರೆ ಯಾವ ಅಂಕಿ ಯಾವ ವರ್ಷದ್ದೆಂದು ಕಿವಿಗೆ ಗೊತ್ತಾಗುವುದಿಲ್ಲ.

ಪಿಡಿಎಫ್ ಸಿದ್ಧವಾದ ಮೇಲೆ ಒಂದು ಪರೀಕ್ಷೆ: ಅರ್ಕಾವೊತ್ತು, ಒತ್ತಕ್ಷರ ಹೆಚ್ಚಿರುವ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಬಂದದ್ದೇ ಕೇಳುಗರಿಗೆ ಹೋಗುವುದು. ಅದು ಕೆಟ್ಟಿದ್ದರೆ ಪಿಡಿಎಫ್ ಜತೆ ಗುದ್ದಾಡುತ್ತ ಕೂರಬೇಡಿ. ಅದೇ ವರದಿಯ ವರ್ಡ್ ಕಡತವನ್ನೋ ಜಾಲಪುಟವನ್ನೋ ಪಕ್ಕದಲ್ಲೇ ಕೊಡಿ. ನಮ್ಮನ್ನು ಕೇಳಿದರೆ, ಕನ್ನಡದಲ್ಲಿ ಪ್ರಕಟಿಸುವ ಯಾವುದೇ ಸಂಸ್ಥೆ ಜಾಲಪುಟವನ್ನೇ ಮೂಲ ಪ್ರತಿಯಾಗಿ ಇಟ್ಟುಕೊಂಡು, ಪಿಡಿಎಫನ್ನು ಮುದ್ರಿಸಿಕೊಳ್ಳುವವರಿಗೆ ಎಂದು ಇಡುವುದು ಮೇಲು.

ಹಳೆಯ ವರದಿಗಳ ಸ್ಕ್ಯಾನ್ ಪ್ರತಿಗಳಾದರೆ ಅವು ಬರೀ ಫೋಟೊ. 300 ಡಿಪಿಐಗಿಂತ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬೇರ್ಪಟ್ಟು ಬರುತ್ತದೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಗೊತ್ತು. ಮಹಾಪ್ರಾಣದ ಗೀಟು ಮಾಸಿದ್ದರೆ ಧ ಹೋಗಿ ದ, ಫ ಹೋಗಿ ಪ ಆಗುತ್ತದೆ. ತಿದ್ದುವವರು ಅಲ್ಲಿ ಹುಷಾರಾಗಿರಬೇಕು, ಮೊತ್ತದ ಅಂಕಿಗಳನ್ನಂತೂ ಮೂಲದೊಡನೆ ಹೋಲಿಸಲೇಬೇಕು.

ಪ್ರಶ್ನೆ: ಆರೋಗ್ಯ ಶಿಬಿರ, ರಕ್ತದಾನ ಇತ್ಯಾದಿಗಳ ಪೋಸ್ಟರ್‌ಗಳನ್ನು ನಮ್ಮ ಸಂಘ ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಲ್ಲಿ ಹಾಕುತ್ತದೆ. ಚಿತ್ರಕ್ಕೆ 'ಆಲ್ಟ್ ಪಠ್ಯ' ಕೊಡಿ ಎಂದು ಒಬ್ಬರು ಬರೆದರು. ಎಷ್ಟು ಬರೆಯಬೇಕು?
— ಯುವಕ ಸಂಘ, ಪುತ್ತೂರು

ಉತ್ತರ: ಚಿತ್ರ ಕಾಣದವರಿಗೆ ಚಿತ್ರದ ಬದಲು ಓದಿ ಹೇಳುವ ಮಾತೇ ಆಲ್ಟ್ ಪಠ್ಯ. ಫೋಟೊ ಆದರೆ ಒಂದೆರಡು ವಾಕ್ಯ ಸಾಕು. 'ಚಿತ್ರ', 'ಫೋಟೊ' ಎಂದು ಆರಂಭಿಸಬೇಡಿ, ಸ್ಕ್ರೀನ್ ರೀಡರ್ ಅದನ್ನು ತಾನೇ ಹೇಳುತ್ತದೆ. ಚಿತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಅದನ್ನು ಏಕೆ ಹಾಕಿದ್ದೀರಿ ಎನ್ನುವುದು ಮುಖ್ಯ. ಒಂದೇ ಫೋಟೊ ಶಿಬಿರದ ವರದಿಯಲ್ಲಿದ್ದರೆ 'ಶಾಲೆಯ ಜಗಲಿಯಲ್ಲಿ ರಕ್ತದೊತ್ತಡ ತಪಾಸಣೆಗೆ ಸಾಲಾಗಿ ಕುಳಿತ ಹಿರಿಯರು' ಎಂದಾಗಬೇಕು. ಅದೇ ಫೋಟೊ ಹೊಸ ರ‍್ಯಾಂಪ್ ಕಟ್ಟಿದ ಸುದ್ದಿಯಲ್ಲಿದ್ದರೆ 'ಜಗಲಿಯ ಎಡಕ್ಕೆ ಕೈಹಿಡಿ ಇರುವ ರ‍್ಯಾಂಪ್' ಎಂದಾಗಬೇಕು. ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಜಾಲತಾಣದಲ್ಲಿ ಆಲ್ಟ್ ಜಾಗವನ್ನು ಖಾಲಿ ಬಿಡಬೇಕು. ಆದರೆ ಆ ಜಾಗವೇ ಇಲ್ಲದಂತೆ ಮಾಡಬಾರದು. ಆಗ ಕಡತದ ಹೆಸರನ್ನು, ಆ ಉದ್ದನೆಯ ಅಂಕಿಗಳ ಸಾಲನ್ನು, ಓದಿಬಿಡುವುದುಂಟು.

ಪೋಸ್ಟರ್ ಬೇರೆ. ಅದರಲ್ಲಿರುವುದೇ ಮಾತು. ದಿನಾಂಕ, ಹೊತ್ತು, ಜಾಗ, ತರಬೇಕಾದ ದಾಖಲೆ, ಫೋನ್ ಸಂಖ್ಯೆ ಎಲ್ಲವನ್ನೂ ಪೋಸ್ಟಿನ ಪಠ್ಯದಲ್ಲೇ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರದ ಕೆಳಗಿನ ಸಾಲಿನಲ್ಲಿ ಬರೆಯಿರಿ. ಕಣ್ಣಿದ್ದವರಿಗೂ ಆಗ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುತ್ತದೆ. ಸಾಲಿನ ಕೊನೆಗೆ ಹತ್ತು ಕೈಮುಗಿದ ಎಮೋಜಿ ಹಾಕಬೇಡಿ, ಒಂದೊಂದರ ಹೆಸರನ್ನೂ ಫೋನು ಹೇಳುತ್ತ ಹೋಗುತ್ತದೆ.

ಪ್ರಶ್ನೆ: ನಾನು ಜಾಲತಾಣ ಮಾಡಿಕೊಡುವ ಕೆಲಸ ಮಾಡುತ್ತೇನೆ. ತಾಣ ಅಂಗವಿಕಲರಿಗೂ ಎಟುಕುವಂತೆ ಮಾಡಲು ಇರುವ ಡಬ್ಲ್ಯೂಸಿಎಜಿ ಮಾನದಂಡ ಓದಲು ಕುಳಿತರೆ ತಲೆಬುಡ ಹತ್ತುವುದಿಲ್ಲ. ಮೊದಲು ಯಾವುದನ್ನು ಸರಿಮಾಡಬೇಕು?
— ವೆಬ್ ಡೆವಲಪರ್, ಹುಬ್ಬಳ್ಳಿ

ಉತ್ತರ: ಮಾನದಂಡದ ಈಗಿನ ಆವೃತ್ತಿ 2.2, ಬಂದದ್ದು 2023ರ ಅಕ್ಟೋಬರಿನಲ್ಲಿ. ಎ, ಡಬಲ್ ಎ, ತ್ರಿಬಲ್ ಎ ಎಂಬ ಮೂರು ಹಂತಗಳಲ್ಲಿ ಡಬಲ್ ಎ ಮುಟ್ಟುವುದು ಗುರಿಯಾಗಲಿ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಆಮೇಲೆ ಕೆಲಸಕ್ಕೆ ಇಳಿಯಬೇಕೆಂದಿಲ್ಲ. ಮೌಸನ್ನು ತೆಗೆದು ಪಕ್ಕಕ್ಕಿಡಿ, ನಿಮ್ಮದೇ ತಾಣದಲ್ಲಿ ಒಂದು ಅರ್ಜಿ ತುಂಬಿ ಸಲ್ಲಿಸಲು ನೋಡಿ. ಟ್ಯಾಬ್ ಒತ್ತಿದರೆ ಮುಂದಕ್ಕೆ, ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಹಿಂದಕ್ಕೆ, ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಗುಂಡಿ ಕೆಲಸ ಮಾಡಬೇಕು. ಈಗ ಎಲ್ಲಿದ್ದೀರಿ ಎಂದು ಗೊತ್ತಾಗುತ್ತಿಲ್ಲವೇ? ಯಾರೋ ಸಿಎಸ್ಎಸ್‌ನಲ್ಲಿ ಔಟ್‌ಲೈನ್ ತೆಗೆದುಹಾಕಿದ್ದಾರೆ, ಅಂದಕ್ಕೆಂದು. ಅದನ್ನು ವಾಪಸ್ ತನ್ನಿ. ಮೆನು ತೆರೆದುಕೊಳ್ಳುವುದೇ ಇಲ್ಲವೇ? ಅದು ಗುಂಡಿಯಲ್ಲ, ಗುಂಡಿಯಂತೆ ಬಣ್ಣ ಬಳಿದ ಡಿವ್, ಅಂದರೆ ಬರೀ ಪೆಟ್ಟಿಗೆ. ನಿಜವಾದ ಬಟನ್ ಅಂಶ ಹಾಕಿದರೆ ಕೀಲಿಮಣೆ, ಸ್ಕ್ರೀನ್ ರೀಡರ್, ಧ್ವನಿಯಿಂದ ನಡೆಸುವ ತಂತ್ರಾಂಶ ಮೂರಕ್ಕೂ ಒಟ್ಟಿಗೇ ಅರ್ಥವಾಗುತ್ತದೆ. ಡಿವ್‌ಗೆ ಏರಿಯಾ (ARIA, ಸ್ಕ್ರೀನ್ ರೀಡರ್‌ಗೆ ಅಂಶದ ಪರಿಚಯ ಹೇಳುವ) ಗುಣಲಕ್ಷಣಗಳನ್ನು ಅಂಟಿಸಿ ಗುಂಡಿ ಮಾಡಲು ಹೊರಟರೆ ಪ್ರತಿ ಕೀಲಿಯ ನಡವಳಿಕೆಯನ್ನೂ ನೀವೇ ಬರೆಯಬೇಕು, ಒಂದಾದರೂ ತಪ್ಪಿಹೋಗುತ್ತದೆ.

ಆಮೇಲೆ ಎನ್‌ವಿಡಿಎ ಹಾಕಿಕೊಂಡು ಅದೇ ಪುಟ ತೆರೆಯಿರಿ. ಎಚ್ ಒತ್ತಿದರೆ ಶೀರ್ಷಿಕೆಗಳಿಗೆ, ಕೆ ಒತ್ತಿದರೆ ಕೊಂಡಿಗಳಿಗೆ, ಎಫ್ ಒತ್ತಿದರೆ ಅರ್ಜಿಯ ಖಾನೆಗಳಿಗೆ ಹೋಗುತ್ತದೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಎಲ್ಲ ಕೊಂಡಿಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಹನ್ನೆರಡು ಬಾರಿ 'ಇಲ್ಲಿ ಒತ್ತಿ' ಎಂದಿದ್ದರೆ ಯಾವುದು ಯಾವುದಕ್ಕೆಂದು ತಿಳಿಯದು. 'ಅರ್ಜಿ ನಮೂನೆ ಇಳಿಸಿಕೊಳ್ಳಿ' ಎಂದು ಕೊಂಡಿಯಲ್ಲೇ ಬರೆಯಿರಿ. ಮುಗಿಸುವಾಗ ಇನ್ಸರ್ಟ್ ಮತ್ತು ಕ್ಯೂ.

ಕನ್ನಡ ತಾಣಗಳಲ್ಲಿ ಬಹಳ ಸಲ ತಪ್ಪಿಹೋಗುವುದು ಭಾಷೆಯ ಗುರುತು. ಕೊಂಡುತಂದ ಟೆಂಪ್ಲೇಟಿನ ಮೊದಲ ಸಾಲಿನಲ್ಲಿ ಭಾಷೆ ಇಂಗ್ಲಿಷ್ ಎಂದೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ಧ್ವನಿಗೆ ಹೊರಳುತ್ತದೆ. ಆ ಧ್ವನಿಗೆ ಕನ್ನಡ ಬಾರದಿದ್ದರೆ ಸಾಲುಗಟ್ಟಲೆ ಮೌನ, ಇಲ್ಲವೇ ಅಕ್ಷರಕ್ಷರವಾಗಿ ಒದರುವಿಕೆ. ಎಚ್‌ಟಿಎಂಎಲ್ ಅಂಶದ ಲ್ಯಾಂಗ್ ಗುಣಲಕ್ಷಣಕ್ಕೆ ಕೆ ಮತ್ತು ಎನ್ ಎಂಬ ಎರಡು ಸಣ್ಣಕ್ಷರ ಕೊಟ್ಟರೆ ಮುಗಿಯಿತು. ಇಂಗ್ಲಿಷ್ ಪ್ಯಾರಾ ಬಂದ ಕಡೆ ಆ ಭಾಗಕ್ಕಷ್ಟೇ ಇಂಗ್ಲಿಷಿನ ಗುರುತು ಹಾಕಿ. ಒಂದು ನಿಮಿಷದ ಕೆಲಸ, ಇಡೀ ತಾಣ ಕೇಳಿಸುವಂತಾಗುತ್ತದೆ.

ಅರ್ಜಿಗಳಿಗೆ ಬಂದರೆ, ಪ್ರತಿ ಖಾನೆಗೂ ಲೇಬಲ್ ಅಂಶ ಇರಲಿ, ಅದು ಖಾನೆಯ ಐಡಿಗೆ ಜೋಡಣೆಯಾಗಿರಲಿ. ಖಾನೆಯೊಳಗೆ ಮಸುಕಾಗಿ 'ಹೆಸರು' ಎಂದು ಬರೆದರೆ ಟೈಪ್ ಮಾಡತೊಡಗಿದ ಕೂಡಲೇ ಅದು ಮಾಯ. ನೆನಪಿನ ತೊಂದರೆ ಇರುವವರಿಗೆ ಏನು ಕೇಳಿದ್ದರೆಂದೇ ಮರೆತುಹೋಗುತ್ತದೆ. ತಪ್ಪಾದಾಗ ಖಾನೆಯ ಅಂಚನ್ನು ಕೆಂಪು ಮಾಡಿ ಬಿಟ್ಟರೆ ಕಾಣದವರಿಗೂ ತಿಳಿಯದು, ಕೆಂಪು ಹಸಿರು ಬೇರ್ಪಡಿಸಲಾಗದವರಿಗೂ ತಿಳಿಯದು. 'ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು, ನೀವು 5 ಹಾಕಿದ್ದೀರಿ' ಎಂದು ಮಾತಿನಲ್ಲಿ ಹೇಳಿ, ಅದನ್ನು ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಖಾನೆಗೆ ಜೋಡಿಸಿ, ಕರ್ಸರನ್ನು ಅಲ್ಲಿಗೇ ಒಯ್ಯಿರಿ.

ಒಟಿಪಿಗೆ ಆರು ಪುಟ್ಟ ಚೌಕಗಳನ್ನು ಮಾಡುವುದು ಈಗ ಫ್ಯಾಷನ್. ನೋಡಲು ಚೆಂದ, ಬಳಕೆಗೆ ಕಷ್ಟ. ಆರಕ್ಕೂ ಬೇರೆಬೇರೆ ಲೇಬಲ್ ಬೇಕಾಗುತ್ತದೆ, ಅಂಕಿ ಹಾಕಿದ ಕೂಡಲೇ ಕರ್ಸರ್ ತಾನಾಗಿ ಮುಂದಕ್ಕೆ ಜಿಗಿದು ಕೇಳುಗರು ಗಲಿಬಿಲಿಗೊಳ್ಳುತ್ತಾರೆ, ಅಂಟಿಸಿದರೆ ಮೊದಲ ಅಂಕಿ ಮಾತ್ರ ಉಳಿಯುತ್ತದೆ. ಒಂದೇ ಖಾನೆ ಮಾಡಿ, ಆಟೊಕಂಪ್ಲೀಟ್‌ನಲ್ಲಿ ಒನ್-ಟೈಮ್-ಕೋಡ್ ಎಂದು ಕೊಡಿ. ಆಗ ಸಂದೇಶದಲ್ಲಿ ಬಂದ ಸಂಖ್ಯೆಯನ್ನು ಫೋನು ತಾನೇ ಮುಂದಿಡುತ್ತದೆ. ಅಂಟಿಸುವುದನ್ನು ಎಲ್ಲೂ ತಡೆಯಬೇಡಿ. ಸ್ಕ್ರೀನ್ ರೀಡರ್ ಹಿಡಿದವರು ಸಂದೇಶದ ಆ್ಯಪಿಗೆ ಹೋಗಿ ಕೇಳಿ ಬರುವಷ್ಟರಲ್ಲಿ 30 ಸೆಕೆಂಡಿನ ಗಡುವು ತೀರಿರುತ್ತದೆ, ಗಡುವನ್ನು ಕೆಲವು ನಿಮಿಷಗಳಿಗೆ ಹಿಗ್ಗಿಸಿ. ಕನ್ನಡ ಖಾನೆಗಳಲ್ಲಿ ಪುಟದೊಳಗೇ ಲಿಪ್ಯಂತರದ ಸ್ಕ್ರಿಪ್ಟ್ ಕೂರಿಸುವುದನ್ನೂ ಬಿಡಿ. ಅದು ಒತ್ತಿದ ಕೀಲಿಗಳನ್ನು ನಡುವೆಯೇ ಹಿಡಿದುಬಿಡುತ್ತದೆ. ಬಳಸುವವರ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕನ್ನಡ ಕೀಲಿಮಣೆ ಇದ್ದೇ ಇದೆ.

ಬಣ್ಣದ ಲೆಕ್ಕ ಇನ್ನೊಂದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು, ದೊಡ್ಡ ಅಕ್ಷರವಾದರೆ 3ಕ್ಕೆ 1. ಬಿಳಿಯ ಮೇಲೆ #767676 ಬೂದು ಪಾಸಾಗುತ್ತದೆ, #777777 ಕೂದಲೆಳೆಯಲ್ಲಿ ಫೇಲ್, #999999 ಅಂತೂ 2.85 ಮಾತ್ರ. ಕನ್ನಡ ಸಂಘಗಳ ತಾಣಗಳಲ್ಲಿ ಬಾವುಟದ ಹಳದಿ ಕೆಂಪು ಬಳಸುವುದು ಸಹಜ, ಪ್ರೀತಿಯದೂ ಹೌದು. ಆದರೆ ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು 3.7 ಮಾತ್ರ. ದೊಡ್ಡ ತಲೆಬರಹಕ್ಕೆ ಸಾಕು, ಓದುವ ಪಠ್ಯಕ್ಕೆ ಸಾಲದು. ಕೆಂಪನ್ನು #990000ಕ್ಕೆ ಇಳಿಸಿದರೆ 8.3 ಆಗುತ್ತದೆ, ಬಾವುಟದ ಕಳೆಯೂ ಹೋಗುವುದಿಲ್ಲ. ವೆಬ್‌ಏಮ್ ಸಂಸ್ಥೆ 2025ರಲ್ಲಿ 10 ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ನೂರಕ್ಕೆ 94.8ರಲ್ಲಿ ತಪ್ಪು ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಈ ಮಂಕು ಬಣ್ಣವೇ, 79.1ರಲ್ಲಿ.

ಆಕ್ಸ್, ವೇವ್, ಲೈಟ್‌ಹೌಸ್ ಮುಂತಾದ ಪರೀಕ್ಷಾ ಸಾಧನಗಳನ್ನು ಬಳಸಿ, ಆದರೆ ಅವು ಹಸಿರು ತೋರಿಸಿದ ಮಾತ್ರಕ್ಕೆ ನಿಲ್ಲಬೇಡಿ. ಆಲ್ಟ್ ಇದೆಯೇ ಎಂದಷ್ಟೇ ಯಂತ್ರ ನೋಡುತ್ತದೆ, ಅದರಲ್ಲಿ ಬರೆದದ್ದು ಆ ಚಿತ್ರಕ್ಕೆ ಹೊಂದುತ್ತದೆಯೇ ಎಂದು ಅಲ್ಲ. ಯುರೋಪಿನ ಗ್ರಾಹಕರಿಗೆ ಮಾರಾಟ ತಾಣ ಮಾಡಿಕೊಡುವವರಾದರೆ ಅಲ್ಲಿನ ಸುಗಮ್ಯತಾ ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದೆ ಎಂಬುದೂ ಗೊತ್ತಿರಲಿ.

ಪ್ರಶ್ನೆ: ಗಾಲಿಕುರ್ಚಿಯ ಗುರುತಿರುವ ಒಂದು ಗುಂಡಿಯನ್ನು ತಾಣದ ಮೂಲೆಯಲ್ಲಿ ಹಾಕಿಕೊಂಡರೆ ಎಲ್ಲ ಸರಿಯಾಗುತ್ತದೆ, ವರ್ಷಕ್ಕೆ ಇಷ್ಟು ಶುಲ್ಕ ಎಂದು ಒಂದು ಕಂಪನಿ ಹೇಳುತ್ತಿದೆ. ಹಾಕಿಸಬಹುದೇ?
— ಕಾಲೇಜು ಆಡಳಿತ ವಿಭಾಗ, ತುಮಕೂರು

ಉತ್ತರ: ಬೇಡ. ಆ ಗುಂಡಿ ಅಕ್ಷರ ದೊಡ್ಡದು ಮಾಡುವುದು, ಬಣ್ಣ ತಿರುಗಿಸುವುದು ಮುಂತಾದವನ್ನು ಮಾಡುತ್ತದೆ. ಅದು ಬೇಕಾದವರ ಫೋನಿನಲ್ಲಿ ಈಗಾಗಲೇ ಇದೆ. ಲೇಬಲ್ ಇಲ್ಲದ ಖಾನೆ, ಫೋಟೊ ಆಗಿರುವ ಪ್ರವೇಶ ಪಟ್ಟಿ, ಹಳೆಯ ಫಾಂಟಿನ ಸುತ್ತೋಲೆ ಇವು ಹಾಗೆಯೇ ಉಳಿಯುತ್ತವೆ. ಕೆಲವು ಸಲ ಸ್ಕ್ರೀನ್ ರೀಡರ್‌ನ ಕೀಲಿಗಳಿಗೇ ಅದು ಅಡ್ಡ ಬರುತ್ತದೆ. ಇಂಥ ಸಾಧನವೊಂದು ಯಾವುದೇ ತಾಣವನ್ನು ಮಾನದಂಡಕ್ಕೆ ತರುತ್ತದೆ ಎಂದು ಪ್ರಚಾರ ಮಾಡಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಒಂದು ಕಂಪನಿಯಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಆ ಶುಲ್ಕವನ್ನು ನಿಮ್ಮ ಸುತ್ತೋಲೆಗಳನ್ನು ಯೂನಿಕೋಡಿಗೆ ತಂದು ತಿದ್ದುವವರಿಗೆ ಕೊಡಿ.

ಪ್ರಶ್ನೆ: ಅಡುಗೆಯ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಕಿವಿ ಕೇಳದವರೊಬ್ಬರು ಕನ್ನಡ ಸಬ್‌ಟೈಟಲ್ ಹಾಕಿ ಅಕ್ಕಾ ಎಂದು ಬರೆದಿದ್ದಾರೆ. ಹೇಗೆ ಹಾಕುವುದು?
— ಗೃಹಿಣಿ, ದಾವಣಗೆರೆ

ಉತ್ತರ: ಯೂಟ್ಯೂಬ್ ಸ್ಟುಡಿಯೊದಲ್ಲಿ 'ಸಬ್‌ಟೈಟಲ್ಸ್' ತೆರೆದು ವಿಡಿಯೊ ಆರಿಸಿ, ಭಾಷೆ ಕನ್ನಡ ಎಂದು ಸೇರಿಸಿ, ಅಲ್ಲೇ ಕೇಳುತ್ತ ಟೈಪ್ ಮಾಡಬಹುದು. ಇಲ್ಲವೇ ಎಸ್ಆರ್‌ಟಿ ಕಡತ ಮಾಡಿ ಏರಿಸಬಹುದು. ಅದು ನೋಟ್‌ಪ್ಯಾಡಿನಲ್ಲಿ ಬರೆಯುವ ಸಾದಾ ಪಠ್ಯ, ಹೀಗಿರುತ್ತದೆ:

1
00:00:05,000 --> 00:00:08,500
ಒಗ್ಗರಣೆಗೆ ಎರಡು ಚಮಚ ಎಣ್ಣೆ,
ಅರ್ಧ ಚಮಚ ಸಾಸಿವೆ.

2
00:00:09,000 --> 00:00:11,000
[ಸಾಸಿವೆ ಸಿಡಿಯುವ ಸದ್ದು]

ಪ್ರತಿ ತುಣುಕಿನ ನಡುವೆ ಒಂದು ಖಾಲಿ ಸಾಲು ಇರಬೇಕು, ಸೆಕೆಂಡಿನ ನಂತರ ಚುಕ್ಕಿಯಲ್ಲ, ಅಲ್ಪವಿರಾಮ. ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇರಲೇಬೇಕು. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಮೇಲೆ ತೋರಿಸಿದಂತೆ ಸದ್ದುಗಳನ್ನೂ ಬರೆಯಿರಿ. 'ಮೂರು ಕೂಗು ಬಂದ ಮೇಲೆ ಇಳಿಸಿ' ಎಂದು ಹೇಳುವವರು ಕುಕ್ಕರ್ ಕೂಗಿದ್ದನ್ನು ಬರೆಯದಿದ್ದರೆ ನೋಡುವವರಿಗೆ ಲೆಕ್ಕ ಸಿಗುವುದಿಲ್ಲ.

ಕಣ್ಣು ಕಾಣದವರೂ ಅಡುಗೆ ವಿಡಿಯೊ ಕೇಳುತ್ತಾರೆ. 'ಇಷ್ಟು ಹಾಕಿ', 'ಈ ಬಣ್ಣ ಬರಬೇಕು' ಎಂದರೆ ಅವರಿಗೆ ಏನೂ ತಿಳಿಯದು. 'ಕಾಲು ಲೋಟ ಹಾಕಿ', 'ಹಸಿ ವಾಸನೆ ಹೋಗಿ ಈರುಳ್ಳಿ ಮೆತ್ತಗಾಗುವವರೆಗೆ ಹುರಿಯಿರಿ' ಎನ್ನಿ. ಹೀಗೆ ಮಾತಿನಲ್ಲೇ ಎಲ್ಲ ಬಂದರೆ ಪ್ರತ್ಯೇಕ ವಿವರಣಾ ಧ್ವನಿ ಸೇರಿಸುವ ಅಗತ್ಯವೇ ಬಹಳಷ್ಟು ಕಡೆ ಇರುವುದಿಲ್ಲ. ಇನ್ನೊಂದು ಮಾತು: ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ, ಕನ್ನಡ ಓದುವುದು ಎರಡನೆಯದು. ವಾಕ್ಯಗಳು ಚಿಕ್ಕದಾಗಿರಲಿ, ಸಾಮಗ್ರಿಗಳ ಪಟ್ಟಿಯನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲೂ ಕೊಡಿ.

ಪ್ರಶ್ನೆ: ವಯಸ್ಸು 68. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗಿದೆ. ಕೆಲವು ಕನ್ನಡ ತಾಣಗಳಲ್ಲಿ ಬೆರಳಿನಿಂದ ಹಿಗ್ಗಿಸಲು ಹೋದರೆ ಅಕ್ಷರ ದೊಡ್ಡದಾಗುವುದೇ ಇಲ್ಲ.
— ನಿವೃತ್ತ ಅಂಚೆ ನೌಕರ, ಧಾರವಾಡ

ಉತ್ತರ: ತಾಣ ಮಾಡಿದವರು ಹಿಗ್ಗಿಸುವುದಕ್ಕೆ ಬೀಗ ಹಾಕಿದ್ದಾರೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ 'ಫೋರ್ಸ್ ಎನೇಬಲ್ ಜೂಮ್' ಎಂಬುದನ್ನು ಆನ್ ಮಾಡಿ, ಬೀಗ ಬಿಡುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮ್ಯಾಗ್ನಿಫಿಕೇಶನ್ ಹಾಕಿಕೊಂಡರೆ ಯಾವ ಆ್ಯಪನ್ನಾದರೂ ಹಿಗ್ಗಿಸಬಹುದು. ಕಣ್ಣು ಬೇಗ ದಣಿಯುವ ದಿನ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿ ಪ್ಯಾರಾ ಮುಟ್ಟಿದರೆ ಗೂಗಲ್‌ನ ಕನ್ನಡ ಧ್ವನಿ ಓದಿ ಹೇಳುತ್ತದೆ.

ತಾಣ ಮಾಡುವವರಿಗೆ: ವ್ಯೂಪೋರ್ಟ್ ಸಾಲಿನಲ್ಲಿ ಹಿಗ್ಗಿಸುವುದನ್ನು ತಡೆಯುವ ಮಾತುಗಳನ್ನು ಅಳಿಸಿ. ಅಕ್ಷರ 200 ಪ್ರತಿಶತಕ್ಕೆ, ಅಂದರೆ ಎರಡು ಪಟ್ಟಿಗೆ, ದೊಡ್ಡದಾದರೂ ಏನೂ ಮುಚ್ಚಿಹೋಗಬಾರದು ಎನ್ನುತ್ತದೆ ಮಾನದಂಡ. ಕನ್ನಡಕ್ಕೆ ಇಲ್ಲಿ ಹೆಚ್ಚಿನ ಜಾಗ ಬೇಕು. ಇಂಗ್ಲಿಷಿಗೆಂದು ಎತ್ತರ ಗೊತ್ತುಮಾಡಿದ ಪೆಟ್ಟಿಗೆಯಲ್ಲಿ 'ಶಾಸ್ತ್ರ', 'ರಾಷ್ಟ್ರ' ಎಂದು ಬರೆದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಎತ್ತರವನ್ನು ಗೊತ್ತುಮಾಡಬೇಡಿ, ಸಾಲಿನ ಅಂತರ 1.6ರಿಂದ 1.8 ಇರಲಿ, ಅಕ್ಷರ 18 ಪಿಕ್ಸೆಲ್‌ಗಿಂತ ಸಣ್ಣದು ಬೇಡ.

ಪ್ರಶ್ನೆ: ನಾವು ಪುಸ್ತಕ ಪ್ರಕಾಶಕರು. ದೃಷ್ಟಿ ಇಲ್ಲದ ಓದುಗರು ಕಡತ ಕೇಳುತ್ತಾರೆ. ಕೊಡಲು ಮನಸ್ಸಿದೆ, ಆದರೆ ನಮ್ಮಲ್ಲಿರುವುದೆಲ್ಲ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಡತ.
— ಪ್ರಕಾಶಕ, ಬೆಂಗಳೂರು

ಉತ್ತರ: ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ, ಹಳೆಯ ಫಾಂಟಿಗೆ ನಮ್ಮ ಮುದ್ರಣ ಲೋಕ ಕಟ್ಟುಬಿದ್ದಿರುವುದೇ ಅದರಿಂದ. ಇದ್ದ ಪುಸ್ತಕಗಳ ಪಠ್ಯವನ್ನು ಹೊರತೆಗೆದು ಪರಿವರ್ತಿಸಿ, ಕರಡು ತಿದ್ದಿ ವರ್ಡ್ ಅಥವಾ ಈಪಬ್ (ಇ-ಪುಸ್ತಕದ ಕಡತ) ಮಾಡಿಕೊಡಿ. ಹೊಸ ಪುಸ್ತಕಗಳಿಗೆ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಬಳಸಿ, ಪ್ಯಾರಾ ಆಯ್ಕೆಗಳಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಿ. ಅದನ್ನು ಆರಿಸದೆ ಒತ್ತಕ್ಷರ ಬಿಡಿಬಿಡಿಯಾದದ್ದನ್ನು ನೋಡಿ ಯೂನಿಕೋಡನ್ನೇ ಕೈಬಿಟ್ಟವರಿದ್ದಾರೆ. ಕಾನೂನಿನ ಅಂಜಿಕೆ ಬೇಡ: ಓದಲು ತೊಂದರೆ ಇರುವವರಿಗಾಗಿ ಪುಸ್ತಕವನ್ನು ಅವರಿಗೆ ಎಟುಕುವ ರೂಪಕ್ಕೆ ತರಲು 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಕೊಟ್ಟರೆ ದೇಶದೆಲ್ಲೆಡೆಯ ಸದಸ್ಯರಿಗೆ ಸಿಗುತ್ತದೆ.

ಪ್ರಶ್ನೆ: ನಾನು ಸ್ಕ್ರೀನ್ ರೀಡರ್ ಬಳಸುತ್ತೇನೆ. ಒಂದು ಸೇವಾ ತಾಣದಲ್ಲಿ ಅರ್ಜಿ ಹಾಕಲು ಆಗುತ್ತಿಲ್ಲ. ಯಾರನ್ನು ಕೇಳಬೇಕು?
— ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇದು ಕೇಳಿಕೊಳ್ಳುವ ಉಪಕಾರವಲ್ಲ, ನಿಮ್ಮ ಹಕ್ಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 42ನೇ ಸೆಕ್ಷನ್ ಡಿಜಿಟಲ್ ಮಾಹಿತಿ ಎಟುಕುವಂತಿರಬೇಕು ಎನ್ನುತ್ತದೆ, 46ನೇ ಸೆಕ್ಷನ್ ಸರ್ಕಾರಿ, ಖಾಸಗಿ ಸೇವೆಗಳೆರಡನ್ನೂ ಹಿಡಿಯುತ್ತದೆ. ತಾಂತ್ರಿಕ ಮಾನದಂಡವಾಗಿ ಐಎಸ್ 17802 ಇದೆ. ನಿಯಮಗಳು ಬರೀ ಸಲಹೆಯ ಮಟ್ಟದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. ಕಣ್ಣು ಮಿಟುಕಿಸಿ ತೋರಿಸಿ ಎನ್ನುವ ಡಿಜಿಟಲ್ ಕೆವೈಸಿಯಿಂದ ಹೊರಗುಳಿದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿ ಇಲ್ಲದವರ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

ಮೊದಲು ತಾಣದವರಿಗೆ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ರಾಜ್ಯದ ಸಂಸ್ಥೆಯಾದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ, ಕೇಂದ್ರದ್ದಾದರೆ ದೆಹಲಿಯ ವಿಕಲಚೇತನರ ಮುಖ್ಯ ಆಯುಕ್ತರಿಗೆ ದೂರು ಕೊಡಬಹುದು. ಕಾಯ್ದೆ ಮುರಿದರೆ ಮೊದಲ ಸಲಕ್ಕೆ 10 ಸಾವಿರದವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷ ರೂಪಾಯಿಯವರೆಗೆ ದಂಡ ಇದೆ. 'ತಾಣ ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ದೂರು ನಿಲ್ಲುವುದಿಲ್ಲ, ಸರಿಪಡಿಸುವವರಿಗೂ ದಾರಿ ಸಿಗುವುದಿಲ್ಲ. ಪುಟದ ವಿಳಾಸ, ದಿನಾಂಕ ಮತ್ತು ಹೊತ್ತು, ಬ್ರೌಸರ್ ಮತ್ತು ಸ್ಕ್ರೀನ್ ರೀಡರ್‌ನ ಆವೃತ್ತಿ, ಯಾವ ಕೀಲಿ ಒತ್ತಿದಿರಿ, ಏನು ಕೇಳಿಸಿತು, ಏನು ಕೇಳಿಸಬೇಕಿತ್ತು ಎಂಬುದನ್ನು ಬರೆಯಿರಿ. ಉದಾಹರಣೆಗೆ: 'ಮೂರನೇ ಹಂತದಲ್ಲಿ ಟ್ಯಾಬ್ ಒತ್ತಿದಾಗ ಎಡಿಟ್, ಬ್ಲ್ಯಾಂಕ್ ಎಂದಷ್ಟೇ ಕೇಳಿಸುತ್ತದೆ, ಯಾವ ಖಾನೆ ಎಂದು ತಿಳಿಯುವುದಿಲ್ಲ.' ಫೋನಿನಲ್ಲಿ ಒಂದು ನಿಮಿಷದ ಧ್ವನಿಮುದ್ರಣ ಮಾಡಿ ಜತೆಗಿಡಿ, ಅರ್ಜಿಯ ಕೊನೆಯ ದಿನಾಂಕ ಹತ್ತಿರವಿದ್ದರೆ ಅದನ್ನು ಇಮೇಲ್‌ನ ವಿಷಯದ ಸಾಲಿನಲ್ಲೇ ಹಾಕಿ.